ಎಲ್ಲರಿಗಿಂತ ಮುಂಚೆ ಬಂದ ದನಿ

ಗಾರ್ಮೆಂಟ್ಸಿನಲ್ಲಿ ಅವಳಿಗೆ ಚೆಕಿಂಗಕ್ಕ ಎಂದೇ ಹೆಸರು. ಹೊಲಿದು ಮುಗಿದ ಅಂಗಿಗಳು ಕೊನೆಗೆ ಬಂದು ಬೀಳುವುದು ಅವಳ ಮೇಜಿನ ಮೇಲೆ. ಟ್ಯೂಬ್‌ಲೈಟಿನ ಕೆಳಗೆ ಅಂಗಿಯನ್ನು ಒಳಮಗ್ಗುಲಿಗೆ ತಿರುವಿ, ಕಂಕುಳ ಹೊಲಿಗೆಯನ್ನು ಎರಡೂ ಹೆಬ್ಬೆರಳಿನಿಂದ ಜಗ್ಗಿ, ಗುಂಡಿಯನ್ನೂ ಅದರ ಕಾಜಾ ತೂತನ್ನೂ ಮುಟ್ಟಿ ನೋಡಿ, ಎಲ್ಲಾದರೂ ಹೊಲಿಗೆ ಬಿಟ್ಟಿದ್ದರೆ ಅಲ್ಲಿಗೊಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸ. ಬಾಣ ಬಿತ್ತೆಂದರೆ ಅಂಗಿ ವಾಪಸ್ಸು. ತಪ್ಪು ಹುಡುಕಿದ್ದಕ್ಕೆ ಸಂಬಳ ಕೊಡುವ ಕೆಲಸ ಲೋಕದಲ್ಲಿ ಹೆಚ್ಚಿಲ್ಲ. ಉಳಿದವರೆಲ್ಲ ಅದನ್ನು ಪುಕ್ಕಟೆಯಾಗಿ ಮಾಡುತ್ತಾರೆ.

ಈ ಕೆಲಸಕ್ಕೆ ಸೇರಿದ ಮೇಲೆ ಅವಳಿಗೆ ಸಂಶಯದ ಬುದ್ಧಿ ಬಂತೋ, ಸಂಶಯದ ಬುದ್ಧಿ ಇದ್ದದ್ದಕ್ಕೇ ಈ ಕೆಲಸ ಸಿಕ್ಕಿತೋ ಹೇಳುವುದು ಕಷ್ಟ. ಚಿಕ್ಕವಳಿದ್ದಾಗ ಅಪ್ಪ ತಂದ ಪೆಪ್ಪರಮಿಂಟನ್ನು ಮೊದಲು ಅಕ್ಕನಿಗೆ ತಿನ್ನಿಸಿ, ಅವಳಿಗೇನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆ ತಾನು ಬಾಯಿಗೆ ಹಾಕಿಕೊಳ್ಳುತ್ತಿದ್ದಳಂತೆ. ದೊಡ್ಡವಳಾದ ಮೇಲೂ ಹಾಲಿನವನಾಗಲಿ ಮೀಟರ್ ನೋಡುವವನಾಗಲಿ ಅವಳ ಬಾಗಿಲಲ್ಲಿ ನಗುತ್ತಾ ನಿಂತದ್ದಿಲ್ಲ. ನಕ್ಕವರ ಮೇಲೆ ಅವಳಿಗೆ ಇನ್ನೂ ಹೆಚ್ಚು ಅನುಮಾನ. ಮೊಸರಲ್ಲಿ ಕಲ್ಲು ಹುಡುಕುವವರನ್ನು ನಾವೆಲ್ಲ ಕಂಡಿದ್ದೇವೆ. ಇವಳು ಕಲ್ಲು ಸಿಗದಿದ್ದರೆ ಅದನ್ನು ಯಾರೋ ಮೊದಲೇ ತೆಗೆದು ಬಚ್ಚಿಟ್ಟಿದ್ದಾರೆ ಎನ್ನುವ ಜಾತಿ.

ಅತ್ತೆ ಮನೆ ಬಿಟ್ಟು ಹೋದದ್ದೂ ಇದರಿಂದಲೇ. ಒಂದು ದಿನ ಬೀರುವಿನೊಳಗಿದ್ದ ಹೊಸ ಬಟ್ಟೆಯ ಮಡಿಕೆ ಬೇರೆಯಾಗಿದೆ ಎಂದು ಇವಳಿಗೆ ಅನ್ನಿಸಿತು. ಅಲ್ಲಿಂದಾಚೆ ಕೆಲಸಕ್ಕೆ ಹೊರಡುವಾಗ ಬೀರುವಿನ ಎರಡು ಬಾಗಿಲಿಗೂ ಸೇರಿಸಿ ಒಂದು ಎಳೆ ಬಿಳಿ ದಾರ ಅಂಟಿಸಿ ಹೋಗುತ್ತಿದ್ದಳು. ಯಾರಾದರೂ ತೆರೆದರೆ ದಾರ ಕಳಚಲೇಬೇಕು. ದಾರ ಒಮ್ಮೆಯೂ ಕಳಚಲಿಲ್ಲ. ಆದರೆ ಒಂದು ಸಂಜೆ ಬಂದು ನೋಡಿದರೆ ದಾರ ಇದ್ದಲ್ಲೇ ಇತ್ತು, ಅತ್ತೆ ಇರಲಿಲ್ಲ. ಧೂಳು ಒರೆಸುವಾಗ ಅವರಿಗೆ ದಾರ ಕಂಡಿತ್ತು. ಒಂದು ಮಾತೂ ಆಡದೆ ಚೀಲ ಹಿಡಿದುಕೊಂಡು ಮಗಳ ಮನೆಗೆ ಹೊರಟುಹೋಗಿದ್ದರು. ಗಂಡ ಕರೆತರುತ್ತೇನೆ ಎಂದು ಎದ್ದಾಗ, ತಾವಾಗಿ ಹೋದವರು ತಾವಾಗಿ ಬರಲಿ ಎಂದವಳು ಇವಳು. ಅವರು ಬರಲಿಲ್ಲ, ಅಲ್ಲೇ ತೀರಿಕೊಂಡರು. ಆಮೇಲೆ ಮನೆಯಲ್ಲಿ ಆ ಮಾತು ಎತ್ತಬೇಡಿ ಎಂದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಮೊದಲೇ ಮಾತು ಕಡಿಮೆಯವನು. ಎತ್ತಲಿಲ್ಲ.

ಇಂಥ ಗಂಡನ ಮೇಲೆ ಅವಳಿಗೆ ಅನುಮಾನ ಬಂದದ್ದು ಒಂದು ಹಾಡಿನಿಂದ.

ಆ ಹಾಡು ಗೊತ್ತಿಲ್ಲದವರು ಆ ಊರಲ್ಲಿ ಇರಲಿಲ್ಲ. ತಾನೇ ಬರೆದು ತಾನೇ ಹಾಡುವ ಒಬ್ಬಾಕೆ, ಹಿಂದೆ ಅದೇ ಊರಿನ ಸಭಾಂಗಣದಲ್ಲಿ ಒಬ್ಬಳೇ ಪಿಯಾನೋ ಮುಂದೆ ಕೂತು ಹಾಡಿದ್ದು. ಅದನ್ನೇ ಸ್ಟುಡಿಯೋದಲ್ಲಿ ಚೊಕ್ಕವಾಗಿ ಇನ್ನೊಮ್ಮೆ ರೆಕಾರ್ಡ್ ಮಾಡಿದ್ದಳಂತೆ, ಅದು ಯಾರಿಗೂ ಬೇಡ. ಎಲ್ಲರಿಗೂ ಬೇಕಾದದ್ದು ಆ ಸಂಜೆಯದ್ದೇ, ಅದರ ಕೆಮ್ಮು, ಕುರ್ಚಿಯ ಕಿರ್‌ಕಿರ್ ಸದ್ದು ಸಮೇತ. ಹಾಡಿನ ಕೊನೆಗೆ ಆಕೆ ತಟ್ಟನೆ ಬಾಯಿ ಮುಚ್ಚಿ ಬರೀ ಪಿಯಾನೋ ನುಡಿಸುತ್ತಾಳೆ, ಸಾಲನ್ನು ಜನರಿಗೆ ಬಿಟ್ಟುಕೊಡುತ್ತಾಳೆ. 'ಚಿಲಕ ಹಾಕಿಲ್ಲ, ಬಂದುಬಿಡು' ಎಂದು ಇಡೀ ಸಭೆ ಹಾಡಬೇಕು. ಆದರೆ ಸಭೆ ಬಾಯಿ ತೆರೆಯುವ ಮುಂಚೆಯೇ ಒಂದು ಹೆಣ್ಣಿನ ದನಿ ಆತುರಬಿದ್ದು 'ಬಂದುಬಿಡು' ಎಂದುಬಿಡುತ್ತದೆ. ಗಾಯಕಿ ಸಣ್ಣಗೆ ನಗುತ್ತಾಳೆ. ಆಮೇಲೆ ಎಲ್ಲರೂ ಹಾಡುತ್ತಾರೆ.

ಊಟದ ಬಿಡುವಿನಲ್ಲಿ ಸೂಪರ್‌ವೈಸರ್ ಫೋನಿನಲ್ಲಿ ಅದನ್ನು ಹಾಕಿದರೆ ಹೊಲಿಗೆಯವರೆಲ್ಲ ಡಬ್ಬಿ ಮುಚ್ಚಿಟ್ಟು ಕೇಳುತ್ತಿದ್ದರು. ಒಬ್ಬಳಿಗೆ ಅದು ಜಗಳವಾಡಿ ಹೋದ ತಮ್ಮನ ಹಾಡು, ಇನ್ನೊಬ್ಬಳಿಗೆ ಹೆರಿಗೆ ವಾರ್ಡಿನಲ್ಲಿ ಕೇಳಿದ ಹಾಡು. ಗುಂಡಿ ಹಚ್ಚುವಾಕೆ ಕಾರಣವನ್ನೇ ಹೇಳದೆ ಅಳುತ್ತಿದ್ದಳು. ಚೆಕಿಂಗಕ್ಕನಿಗೆ ಇದೂ ಅನುಮಾನವೇ. ಒಂದೇ ಅಂಗಿ ಎಲ್ಲರ ಮೈಗೂ ಸರಿಹೋಗುತ್ತದೆ ಎಂದರೆ ಅಳತೆಯಲ್ಲೇ ಏನೋ ಮೋಸವಿದೆ ಎನ್ನುತ್ತಿದ್ದಳು.

ಮನೆಯಲ್ಲಿ ಗಂಡ ಗಡ್ಡ ಹೆರೆದುಕೊಳ್ಳುವಾಗ ಅದೇ ಹಾಡು ಹಾಕುತ್ತಿದ್ದ. ಆ ದನಿ ಬರುವ ಹೊತ್ತಿಗೆ ಅವನ ರೇಜರ್ ನಿಲ್ಲುತ್ತಿತ್ತು. ನೊರೆಯೊಳಗಿಂದ ಒಂದು ನಗು. ಗಾಯಕಿಗೆ ನಕ್ಕದ್ದಲ್ಲ, ಪಿಯಾನೋಗೆ ನಕ್ಕದ್ದಲ್ಲ, ಯಾವಳೋ ಒಬ್ಬಳು 'ಬಂದುಬಿಡು' ಎಂದದ್ದಕ್ಕೆ ನಕ್ಕದ್ದು. ಇವಳ ಕಿವಿ ನೆಟ್ಟಗಾಯಿತು. ಮದುವೆಗೆ ಮುಂಚೆ ಅವನು ಆ ಕಾರ್ಯಕ್ರಮಕ್ಕೆ ಹೋಗಿದ್ದನೆಂದು ಇವಳಿಗೆ ಗೊತ್ತಿತ್ತು. ಅದು ಯಾರ ದನಿ ಎಂದು ಕೇಳಿದಳು. ಯಾರೋ, ಅಷ್ಟು ಜನ ಇದ್ರಲ್ಲ, ಎಂದು ಅವನು ಕನ್ನಡಿಯ ಕಡೆ ತಿರುಗಿದ. ಆ 'ಯಾರೋ' ಬಹಳ ಬೇಗ ಬಂತು. ಅಂದಿನಿಂದ ಅವಳು ಆ ದನಿಯನ್ನು ಅಂಗಿ ಪರೀಕ್ಷಿಸುವ ಹಾಗೆ ಪರೀಕ್ಷಿಸತೊಡಗಿದಳು. ಅವನಿಲ್ಲದಾಗ ಮತ್ತೆ ಮತ್ತೆ ಹಾಕಿ ಕೇಳಿ, ಅದು ಎಲ್ಲಿ ಉಸಿರೆಳೆದುಕೊಳ್ಳುತ್ತದೆ, ಎಲ್ಲಿ ಸ್ವರ ಜಾರುತ್ತದೆ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಳು. ಮುಂದೆಂದಾದರೂ ಆ ಹೆಂಗಸು ಬೀದಿಯಲ್ಲಿ ಮಾತಾಡಿದರೂ ಹಿಡಿದುಬಿಡಬೇಕು ಎಂಬುದು ಅವಳ ಲೆಕ್ಕ.

ಇನ್ನೊಂದು ಸಂಗತಿಯಿತ್ತು. ವರ್ಷಕ್ಕೊಮ್ಮೆ, ತಪ್ಪದೆ ಒಂದೇ ತಾರೀಖಿಗೆ, ಗಂಡ ತಿಳಿನೀಲಿ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡು ಸ್ನೇಹಿತನ ಮನೆಗೆ ಎಂದು ಹೊರಡುತ್ತಿದ್ದ. ಬರುವಾಗ ಕಣ್ಣು ಕೆಂಪಗಿರುತ್ತಿತ್ತು. ಹೋದ ವರ್ಷ ಅವಳು ಅಂಗಿಯ ಕಾಲರಿನ ಒಳಗೆ ಒಂದು ಬಾಣ ಅಂಟಿಸಿ ಕಳಿಸಿದ್ದಳು. ಅಂಗಿ ಬಿಚ್ಚಿ ಮತ್ತೆ ತೊಟ್ಟರೆ ಬಾಣ ಉದುರಬೇಕು. ಬಾಣ ಒಂಚೂರೂ ಅಲುಗದೆ ಮನೆಗೆ ಬಂತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸಮಾಧಾನವಾಗುತ್ತಿದ್ದರು. ಇವಳು ರಾತ್ರಿಯಿಡೀ ಯೋಚಿಸಿ, ಹಾಗಾದರೆ ಆ ಹೆಂಗಸೂ ಗಾರ್ಮೆಂಟ್ಸಿನವಳೇ, ಉದುರಿದ ಬಾಣವನ್ನು ಅದೇ ಜಾಗಕ್ಕೆ ಮತ್ತೆ ಅಂಟಿಸಿದ್ದಾಳೆ ಎಂಬ ತೀರ್ಮಾನಕ್ಕೆ ಬಂದಳು.

ಈ ವರ್ಷ ಅರ್ಧ ದಿನ ರಜೆ ಹಾಕಿ ಹಿಂದೆಯೇ ಹೊರಟಳು. ಹೊರಡುವ ಮುಂಚೆ ಒಂದು ಚೀಲಕ್ಕೆ ತನ್ನ ಬಟ್ಟೆ ತುಂಬಿ ಬಾಗಿಲ ಹಿಂದೆ ಇಟ್ಟಳು. ನಿಜವೆಂದು ಗೊತ್ತಾದರೆ ಅವತ್ತೇ ಅಕ್ಕನ ಮನೆಗೆ ಹೋಗುವುದು, ಮತ್ತೆ ಈ ಹೊಸಿಲು ತುಳಿಯದಿರುವುದು. ಇಷ್ಟು ವರ್ಷ ಬಾಳಿದ ಮನೆ ತನ್ನದೋ ಅಲ್ಲವೋ ಅವತ್ತು ತೀರ್ಮಾನವಾಗಬೇಕಿತ್ತು. ಅವಳಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು.

ಗಂಡ ಟೈರ್ ಅಂಗಡಿ ದಾಟಿ, ಬೇಕರಿಯ ಪಕ್ಕದ ಗಲ್ಲಿಗೆ ತಿರುಗಿ, ವಾದ್ಯ ರಿಪೇರಿ ಮಾಡುವ ಒಂದು ಉದ್ದನೆಯ ಅಂಗಡಿಯೊಳಗೆ ಹೋದ. ಅವಳು ಸ್ವಲ್ಪ ಹೊತ್ತು ಬಿಟ್ಟು ಒಳಗೆ ಕಾಲಿಟ್ಟಳು. ಅಂಗಡಿಯ ಹಿಂಭಾಗದಲ್ಲಿ ಬಣ್ಣ ಹೋದ ಒಂದು ಪಿಯಾನೋ, ಅದರ ಸುತ್ತ ಕುರ್ಚಿಗಳು, ಕುರ್ಚಿಗಳ ತುಂಬ ವಯಸ್ಸಾದ ಜನ. ಬಾಗಿಲ ಬಳಿ ನೀರು ಕೊಡುತ್ತಿದ್ದ, ರಿಟೈರ್ ಆದ ನರ್ಸ್ ಒಬ್ಬಾಕೆ ಇವಳನ್ನು ಹೊಸಬಳೆಂದು ತಿಳಿದು, ಅವತ್ತು ಯಾವ ಕಡೆ ಕೂತಿದ್ರಿ ಎಂದು ಕೇಳಿದಳು. ಹಿಂದುಗಡೆ ಎಂದು ಇವಳು ಒಂದು ಸುಳ್ಳು ಬಿಟ್ಟಳು.

ನರ್ಸಮ್ಮ ತಾನಾಗಿಯೇ ಎಲ್ಲ ಹೇಳಿದಳು. ಇವರೆಲ್ಲ ಆ ಸಂಜೆ ಸಭಾಂಗಣದಲ್ಲಿ ಇದ್ದವರು. ಸಭಾಂಗಣ ಮುಚ್ಚಿ ಅಲ್ಲಿ ಸೋಫಾ ಮಾರತೊಡಗಿದ ಮೇಲೆ ಇಲ್ಲಿ ಸೇರುತ್ತಾರೆ. ರೆಕಾರ್ಡ್ ಹಾಕುವುದಿಲ್ಲ. ಅಂಗಡಿಯವನು ಪಿಯಾನೋ ನುಡಿಸುತ್ತಾನೆ, ಅವತ್ತು ಯಾರು ಏನು ಮಾಡಿದ್ದರೋ ಇವತ್ತೂ ಅದನ್ನೇ ಮಾಡಬೇಕು. ಎರಡನೇ ನುಡಿಯ ಕೆಮ್ಮು ನರ್ಸಮ್ಮನದು. ಬೇಡದ ಜಾಗದಲ್ಲಿ ಚಪ್ಪಾಳೆ ತಟ್ಟಿ ನಿಲ್ಲಿಸಿದವನು ಅಗೋ ಆ ಕ್ಷೌರದವನು.

"ತೀರಿಹೋದವರ ಜಾಗ ಖಾಲಿ ಬಿಡಲ್ಲಮ್ಮ," ಎಂದಳು. "ಅವರ ಮನೆಯವರು ಯಾರಾದ್ರೂ ಮಾಡ್ತಾರೆ."

ಅರವತ್ತು ದಾಟಿದವರು ವರ್ಷಕ್ಕೊಮ್ಮೆ ಸೇರಿ ಕೆಮ್ಮುವುದಕ್ಕೆ ಇಸ್ತ್ರಿ ಅಂಗಿ ತೊಟ್ಟು ಬರುತ್ತಾರೆ ಎಂದರೆ ನಂಬುವವರು ಯಾರು? ಇವಳಂತೂ ನಂಬಲಿಲ್ಲ. ಇವಳ ಕಣ್ಣು ಗಂಡನ ಪಕ್ಕ ಕೂತಿದ್ದ, ಹಸಿರು ಸೀರೆಯ ಉದ್ದ ಕತ್ತಿನ ಹೆಂಗಸಿನ ಮೇಲಿತ್ತು. ಅವಳು ಗಂಡನಿಗೆ ಟೀ ಲೋಟ ಕೊಟ್ಟಳು. ಗಂಡ ನಕ್ಕ. ಸಿಕ್ಕಿಬಿದ್ದಳಲ್ಲ ಎಂದುಕೊಂಡಳು ಚೆಕಿಂಗಕ್ಕ.

ಪಿಯಾನೋ ಶುರುವಾಯಿತು. ಅದರ ಕೆಲವು ಕೀಗಳು ಕೆಟ್ಟಿದ್ದವು, ಬೆರಳು ಬಿದ್ದರೆ ಬರೀ ಟಕ್ ಎನ್ನುತ್ತಿದ್ದವು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನರ್ಸಮ್ಮ ಸಮಯಕ್ಕೆ ಸರಿಯಾಗಿ ಕೆಮ್ಮಿದಳು. ಕ್ಷೌರದವನು ತಪ್ಪು ಜಾಗದಲ್ಲಿ ಚಪ್ಪಾಳೆ ತಟ್ಟಿ ಸುಮ್ಮನಾದ. ಆ ಸಾಲು ಹತ್ತಿರ ಬಂತು. ಚೆಕಿಂಗಕ್ಕ ಹಸಿರು ಸೀರೆಯವಳ ತುಟಿಯನ್ನೇ ನೋಡಿದಳು. ತುಟಿ ತೆರೆಯಲಿಲ್ಲ.

"ಬಂದುಬಿಡು" ಎಂದದ್ದು ಅವಳ ಗಂಡ. ಎಲ್ಲರಿಗಿಂತ ಮುಂಚೆ, ದಪ್ಪ ದನಿಯಲ್ಲಿ, ಸ್ವರ ಜಾರಿಸಿ. ಆಮೇಲೆ ಎಲ್ಲರೂ ಹಾಡಿದರು. ಹಸಿರು ಸೀರೆಯವಳೂ ಉಳಿದವರ ಹಾಗೆಯೇ ಕಣ್ಣೊರೆಸಿಕೊಂಡಳು.

"ಅದು ಅವರ ತಾಯಿ ಜಾಗ," ಎಂದು ನರ್ಸಮ್ಮ ಪಿಸುಗುಟ್ಟಿದಳು. "ಆ ಹಾಲ್‌ನಲ್ಲಿ ಕಸ ಗುಡಿಸ್ತಿದ್ರು. ಮಗನ್ನೂ ಕರ್ಕೊಂಡು ಹಿಂದೆ ನಿಂತಿದ್ರು ಅವತ್ತು. ಪಾಪ, ಆಯಮ್ಮಂಗೆ ಯಾವಾಗ್ಲೂ ಆತುರ."

ಆತುರ. ಬೆಲ್ ಒತ್ತುವ ಮುಂಚೆ ಬಾಗಿಲು ತೆಗೆಯುತ್ತಿದ್ದ ಅತ್ತೆ. ಹಸಿವು ಎನ್ನುವ ಮುಂಚೆ ತಟ್ಟೆ ಇಡುತ್ತಿದ್ದ ಅತ್ತೆ. ಸೊಸೆ ಹೋಗಿ ಎನ್ನುವ ಮುಂಚೆಯೇ ಹೋಗಿಬಿಟ್ಟ ಅತ್ತೆ. ಒಂದೇ ಮನೆಯಲ್ಲಿ ಇದ್ದು ಅವರ ಮಾತು ಕೇಳಿದ್ದಳು, ಬೈದದ್ದು ಕೇಳಿದ್ದಳು, ಹಾಡಿದ್ದು ಮಾತ್ರ ಕೇಳಿರಲಿಲ್ಲ. ಇವಳ ಮನೆಯಲ್ಲಿ ಅವರಿಗೆ ಹಾಡಬೇಕು ಎನ್ನಿಸಿರಲಿಕ್ಕಿಲ್ಲ. ಬಾಯಿಪಾಠ ಮಾಡಿ ದ್ವೇಷಿಸಿದ ದನಿ ಅವರದು. ಅಮ್ಮನ ಮಾತು ಎತ್ತಬಾರದ ಮನೆಯಲ್ಲಿ ಅವನು ಅಮ್ಮನನ್ನು ದಿನಾ ಬೆಳಿಗ್ಗೆ ಗಡ್ಡದ ನೊರೆಯ ಹಿಂದೆ ಬಚ್ಚಿಟ್ಟುಕೊಂಡು ಕೇಳುತ್ತಿದ್ದ. ಅವಳಿಗೆ ನಾಚಿಕೆಯಾಯಿತು, ಭೂಮಿ ಬಾಯ್ಬಿಡಬಾರದೇ ಎನ್ನುವಷ್ಟು. ಗಂಡ ತಿರುಗಿ ನೋಡುವ ಮುಂಚೆ ಹೊರಗೆ ಬಂದಳು.

ಮನೆಗೆ ಬಂದು ಸುಮ್ಮನೆ ಕೂತಳು. ದೀಪ ಹಾಕುವ ಹೊತ್ತಿಗೆ ಗಂಡ ಬಂದ. ಸ್ನೇಹಿತ ಚೆನ್ನಾಗಿದ್ದಾನೆ ಎಂದು ವರ್ಷವರ್ಷದ ಸುಳ್ಳನ್ನು ಹೇಳಿ ಚಪ್ಪಲಿ ಬಿಡಲು ಬಾಗಿದವನಿಗೆ ಬಾಗಿಲ ಹಿಂದಿನ ಚೀಲ ಕಂಡಿತು. ಅದನ್ನು ತೆಗೆದಿಡಲು ಅವಳು ಮರೆತಿದ್ದಳು. ಅವನ ಮುಖದ ಬಣ್ಣ ಇಳಿದುಹೋಯಿತು. ಆ ಮನೆಯಿಂದ ಚೀಲ ಹಿಡಿದು ಹೋದವರು ಮತ್ತೆ ಬಂದಿರಲಿಲ್ಲವಲ್ಲ.

"ಎಲ್ಲಿಗೆ ಹೊರಟಿದೀಯ?" ಎಂದ.

"ಎಲ್ಲಿಗೂ ಇಲ್ಲ."

"ಸುಳ್ಳು ಹೇಳಬೇಡ. ಏನಾಯ್ತು?"

ಇಷ್ಟು ವರ್ಷದಲ್ಲಿ ಅವನು ಅವಳನ್ನು ಅನುಮಾನದಿಂದ ನೋಡಿದ್ದು ಅದೇ ಮೊದಲು. ನೋಡಿಸಿಕೊಂಡರೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಾದದ್ದೂ ಆಗಲೇ. ಎದ್ದು ಹೋಗಿ ಅವನ ಕಾಲರ್ ಎತ್ತಿದಳು. ಈ ವರ್ಷವೂ ಅಂಟಿಸಿದ್ದ ಬಾಣ ಅಲ್ಲೇ ಇತ್ತು. ಉಗುರಿನಿಂದ ಎಬ್ಬಿಸಿ ತೆಗೆದಳು.

"ಮುಂದಿನ ವರ್ಷ ನಾನೂ ಬರ್ತೀನಿ," ಎಂದಳು. "ಅತ್ತೆ ಜಾಗದಲ್ಲಿ ನಾನು ಹಾಡ್ತೀನಿ. ನಿಮ್ಮ ಗಂಟಲಲ್ಲಿ ಅವರು ಸರಿಯಾಗಿ ಕೇಳಿಸಲ್ಲ ರೀ."

ಅವನು ನಂಬಿದ ಹಾಗೆ ಕಾಣಲಿಲ್ಲ. ಅವಳು ಹಾಡಿದಳು, ಆ ಉಸಿರು, ಆ ಜಾರು ಸಮೇತ, ಎಷ್ಟೋ ವರ್ಷಗಳ ಹಿಂದೆ ನಾದಿನಿಯ ಮನೆಗೆ ಓಡಿಹೋಗಿ ಅತ್ತೆಗೆ ಹೇಳಬೇಕಿದ್ದ ಆ ಒಂದೇ ಮಾತನ್ನು. ಬಂದುಬಿಡು.

ಗಂಡ ಬಾಗಿಲಿಗೆ ಒರಗಿಕೊಂಡು ನಿಂತ. ಕಣ್ಣು ಒರೆಸಿಕೊಂಡ.

"ಇನ್ನೂ ಸ್ವಲ್ಪ ಮುಂಚೆ," ಎಂದ. "ಅಮ್ಮ ಇನ್ನೂ ಸ್ವಲ್ಪ ಮುಂಚೆ ಬರ್ತಿದ್ಲು."

ಅವಳು ಮೊದಲಿಂದ ಇನ್ನೊಮ್ಮೆ ಹಾಡಿದಳು.