ಅಂಗೈಯ ಜಡ್ಡು

ನಮ್ಮದು ನೇಕಾರರ ಕುಲವೇ. ಆದರೆ ಅಪ್ಪನ ಕಾಲಕ್ಕೆ ಮಗ್ಗ ಅಟ್ಟ ಹತ್ತಿತ್ತು, ಚಳ್ಳಕೆರೆ ಕಡೆ ಒಂದಿಷ್ಟು ಹೊಲ ಕೈಗೆ ಬಂದಿತ್ತು. ನೀರು ಸೇದಿ, ರಾಗಿ ಬೀಸಿ ನನ್ನ ಅಂಗೈ ಜಡ್ಡುಗಟ್ಟಿತ್ತು. ಮದುವೆಯಾಗಿ ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮನೆಯ ಮುಂದೆ ಎತ್ತಿನ ಗಾಡಿ ಇಳಿದ ಎಂಟನೇ ದಿನ ಅತ್ತೆ ನನ್ನನ್ನು ನೂಲು ಸುತ್ತುವ ರಾಟೆಗೆ ಕೂರಿಸಿದರು. ಮುಟ್ಟಿದ್ದೇ ತಡ, ಎಳೆ ಅಂಗೈಗೆ ಸಿಕ್ಕಿಕೊಂಡು ಪಟ್ಟನೆ ಕಡಿಯಿತು. ಮೂರು ಸಲ ಹಾಗೇ ಆಯಿತು. ಅತ್ತೆ ಸಿಡುಕಿದರು.

“ಏನೇ ಅಮ್ಮಾಯಿ, ಇದು ಕೈಯೋ ಜಾಲಿಮುಳ್ಳೋ? ಕಸ ಮುಸುರೆ ನೋಡ್ಕೋ, ರೇಷ್ಮೆ ಮುಟ್ಟಬ್ಯಾಡ.”

ಆ ಮನೆಯಲ್ಲಿ ರೇಷ್ಮೆ ಮುಟ್ಟದ ಸೊಸೆ ಲೆಕ್ಕಕ್ಕುಂಟು, ಆಟಕ್ಕಿಲ್ಲ. ನಾದಿನಿ ರಾಟೆ ತಿರುಗಿಸುತ್ತ ನನ್ನ ಕಡೆ ನೋಡಿ ಕಿಸಿಕಿಸಿ ನಗುತ್ತಿದ್ದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಈ ಜಡ್ಡನ್ನು ಓಡಿಸಿಯೇ ಸಿದ್ಧ ಎಂದು ಹಟ ತೊಟ್ಟೆ.

ಬೆಣ್ಣೆ ಸವರಿದೆ, ಹರಳೆಣ್ಣೆ ಸವರಿದೆ, ಒಡೆದ ಹೆಂಚಿನ ಚೂರಿನಿಂದ ತಿಕ್ಕಿದೆ. ಚರ್ಮ ಹಿಟ್ಟಿನಂತೆ ಉದುರಿತು, ಒಂದು ಹನಿ ರಕ್ತ ಬರಲಿಲ್ಲ. ನನ್ನದೇ ಕೈಚಳಕ ಎಂದು ಬೀಗಿದೆ. ಎಷ್ಟೋ ವರ್ಷದ ಮೇಲೆ ಮೊಮ್ಮಗ ಶಾಲೆಯ ಪುಸ್ತಕ ಓದಿ ಆ ಜಂಬವನ್ನೂ ಇಳಿಸಿದ. ಅದು ಅನುಲೇಪಕ ಅಂಗಾಂಶವಂತೆ. ಒತ್ತೊತ್ತಾಗಿ ಕೂತ ಜೀವಕೋಶಗಳ ಪದರ, ಅದರಲ್ಲಿ ರಕ್ತನಾಳವೇ ಇಲ್ಲವಂತೆ. ಅಡಿಯಲ್ಲಿ ಹೊಸ ಕೋಶ ಹುಟ್ಟಿ ಮೇಲೇರುತ್ತದೆ, ಮೇಲಿನದು ಸತ್ತ ಮೇಲೂ ಒಳಗಿನ ಮೈಯನ್ನು ಕಾಯುತ್ತಿರುತ್ತದೆ. ಅಂಥ ಕಾವಲುಗಾರನನ್ನು ನಾನು ಹೆಂಚಿನಿಂದ ಕೆರೆದು ಕಳಿಸಿದ್ದೆ.

ತಿಂಗಳಿಗೆ ಅಂಗೈ ಮಗುವಿನ ಕೆನ್ನೆಯಂತಾಯಿತು. ತೋರಿಸಲು ಹಿತ್ತಲಿಗೆ ಓಡಿದೆ. ಅತ್ತೆ ರೇಷ್ಮೆಯ ಅಂಟು ಬಿಡಿಸಲು ಅದನ್ನು ಸೌಳು ನೀರಿನಲ್ಲಿ ಕುದಿಸಿ ಹಂಡೆ ಇಳಿಸಿದ್ದರು.

“ಸರಿಯಾದ ಹೊತ್ತಿಗೆ ಬಂದೆ. ಈ ಬಿಸಿ ನಮ್ಮ ಕೈಗೆ ತಡೆಯಂಗಿಲ್ಲ. ನಿಂದು ಗಟ್ಟಿ ಐತೆ, ಹಿಂಡು.”

ರೇಷ್ಮೆ ಮುಟ್ಟು ಎಂದದ್ದೇ ಸಾಕಾಯಿತು. ಹಿಂದೆ ಮುಂದೆ ನೋಡದೆ ಎರಡೂ ಕೈ ಅದ್ದಿದೆ. ನಾನು ಕಿರುಚಿದ್ದಕ್ಕೆ ಮಾವ ಮಗ್ಗದ ಗುಂಡಿಯಿಂದ ಎದ್ದು ಓಡಿಬಂದರು.

ಅತ್ತೆ ನನ್ನ ಕೆಂಪು ಅಂಗೈ ತಿರುಗಿಸಿ ನೋಡಿದರು. “ಅಯ್ಯೋ, ಆ ಜಡ್ಡು ಎಲ್ಲಿಟ್ಟೆಯೇ? ಇವತ್ತು ಬೇಕಾಗಿತ್ತಲ್ಲೇ!”

“ರೇಷ್ಮೆ ಮುಟ್ಟಬೇಕಂತ ತಿಕ್ಕಿ ತೆಗೆದೆನ್ರೀ ಅತ್ತೆ.”

ಅವರು ಗೊಳ್ಳೆಂದು ನಕ್ಕರು. ಆಮೇಲೆ ನಗು ನಿಂತಿತು. ಅಂಗೈಗೆ ಬೆಣ್ಣೆ ಸವರಿ ಉಫ್ ಉಫ್ ಎಂದು ಊದುತ್ತ ಕೂತರು.

“ಚರ್ಮ ಬೆಳೀತೈತೆ ಬಿಡು. ವಾಸಿಯಾದ ಮ್ಯಾಲೆ ರಾಟೆಗೆ ಕುಂತ್ಕೋ. ಇದನ್ನ ನಾನೇ ಹಿಂಡ್ತೀನಿ.”

ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಉರಿ ತಾಳಲಾರದಷ್ಟಿತ್ತು, ಆದರೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.