ಹೊರಗಿನವರು ಒಳಗೆ ಬಾರದ ಲೈನು

ಆ ಬೇಸಿಗೆ ರಜೆಯಲ್ಲಿ ಆಟ ನಿಂತುಹೋದದ್ದಕ್ಕೆ ಮೊಮ್ಮಕ್ಕಳೆಲ್ಲ ಒಂದು ಕಾರಣ ನಂಬಿಕೊಂಡಿದ್ದೀರಿ. ಅದು ತಪ್ಪು. ಬಾಯಿಬಿಟ್ಟು ಹೇಳಲು ನನ್ನಿಂದ ಆಗಿಲ್ಲ, ಮುಂದೆ ಆಗುವಂತೆಯೂ ಕಾಣುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪಟ್ಟದಕಲ್ಲಿನ ಸಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತವಳು ನಾನು. ಮಾಸ್ತರರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಪಾಟಿಯ ಮೇಲೆ ಬರೆದುಕೊಂಡು ಸುಮ್ಮನೆ ಕೂಡುತ್ತಿದ್ದೆ.

ನಿಮ್ಮ ಅಜ್ಜ ತೀರಿಕೊಂಡ ಎರಡನೇ ವರ್ಷ ಮಗ್ಗಗಳು ಪಾಲಾದವು. ಪಾಲಿನಲ್ಲಿ ಯಾರಿಗೂ ಅನ್ಯಾಯವಾಗಲಿಲ್ಲ, ಆದರೆ ಆ ದಿನ ಒಂದು ಮಾತು ಹೆಚ್ಚಾಯಿತು. ಅದರ ಮೇಲೆ ನನ್ನ ಇಬ್ಬರು ಗಂಡುಮಕ್ಕಳು ಒಬ್ಬರನ್ನೊಬ್ಬರು ಮಾತಾಡಿಸುವುದನ್ನೇ ಬಿಟ್ಟರು. ದೊಡ್ಡ ಮಗ ಬಾಗಲಕೋಟೆಯ ನವನಗರದಲ್ಲಿ ಸೀರೆ ಅಂಗಡಿ ಇಟ್ಟ. ಸಣ್ಣ ಮಗ ತನ್ನ ಪಾಲಿನ ಪವರ್‌ಲೂಮುಗಳನ್ನು ಹುನಗುಂದಕ್ಕೆ ಒಯ್ದ. ಇಳಕಲ್ಲಿನ ಮನೆಯಲ್ಲಿ ನಾನೂ, ಕಾಲೇಜಿಗೆಂದು ನನ್ನ ಹತ್ತಿರ ಬಂದಿದ್ದ ಮಗಳ ಮಗಳೂ ಉಳಿದೆವು. ಅವಳನ್ನು ನೀವೆಲ್ಲ ಅಕ್ಕ ಎನ್ನುತ್ತೀರಿ. ಇಲ್ಲಿ ನಾನೂ ಅಕ್ಕ ಎಂದೇ ಬರೆಯುತ್ತೇನೆ.

ಬಾಗಲಕೋಟೆಯ ಮೊಮ್ಮಗನೂ ಹುನಗುಂದದ ಮೊಮ್ಮಗಳೂ ಒಂದೇ ತಿಂಗಳು ಹುಟ್ಟಿ ಒಂದೇ ತೊಟ್ಟಿಲಲ್ಲಿ ಮಲಗಿದವರು. ಅಪ್ಪಂದಿರು ಮಾತು ಬಿಟ್ಟ ಮೇಲೆ ಫೋನು ಮಾಡುವುದಕ್ಕೂ ಆಗದಂತಾಯಿತು, ಏಕೆಂದರೆ ಫೋನಿನಲ್ಲಿ ನಂಬರು ಉಳಿಯುತ್ತದೆ. ಆಟದಲ್ಲಿ ಹಾಗಲ್ಲ. ಅಲ್ಲಿ ಇಟ್ಟುಕೊಂಡ ಹೆಸರು ನೋಡಿದರೆ ಯಾರು ಎಂದು ಹಡೆದವರಿಗೂ ತಿಳಿಯುವುದಿಲ್ಲ. ಚೌಕ ಕಲ್ಲುಗಳನ್ನು ಪೇರಿಸಿ ಮನೆ, ಬಾವಿ, ದನದ ಕೊಟ್ಟಿಗೆ ಕಟ್ಟುವ ಆಟ ಅದು. ಅವರಿಬ್ಬರೂ ಫೋನಿನಿಂದ ಆಡುತ್ತಿದ್ದರು. ಆಟ ನಡೆಯುವ ಜಾಗ ಮಾತ್ರ ಅಕ್ಕನ ಕಂಪ್ಯೂಟರಿನಲ್ಲಿತ್ತು.

"ಅಂದ್ರ ಅವ್ರು ನಮ್ಮ ಮನೀಗೆ ಬಂದಂಗ ಅಂತ ತಿಳ್ಕೋ ಆಯಿ," ಎಂದಿದ್ದಳು ಅಕ್ಕ.

"ಬಂದ್ರ ಚಾ ಮಾಡ್ಲೇನು?"

"ಮಾಡು. ನಾನ ಮೂರೂ ಕಪ್ ಕುಡೀತೇನಿ."

ಸಂಜೆ ಐದರ ಹೊತ್ತಿಗೆ ಆ ಪೆಟ್ಟಿಗೆಯಿಂದ ಇಬ್ಬರ ದನಿಯೂ ಕೇಳುತ್ತಿತ್ತು. "ಲೇ, ನನ್ನ ಆಕಳಾ ಯಾಕ ಬಿಚ್ಚಿದಿ?" ಎಂದು ಅವಳು ಬೈಯುವುದು, "ಮೇವು ಹಾಕಾಕಿ ಮಾರಿ ನೋಡಿ ತಾನ ಓಡಿ ಹೋತು" ಎಂದು ಅವನು ಕಾಡುವುದು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ನಾನು ಅದನ್ನೇ ಕೇಳುತ್ತಿದ್ದೆ. ನನ್ನ ಮನೆಯಲ್ಲಿ ಇಬ್ಬರ ಮಕ್ಕಳೂ ಕೂಡುತ್ತಿದ್ದುದು ಅಷ್ಟು ಹೊತ್ತು ಮಾತ್ರ.

ಆ ಆಟವನ್ನು ಮೊದಲ ಸಲ ಕೆಡಿಸಿದವಳೂ ನಾನೇ. ಅದನ್ನೂ ಹೇಳಿಬಿಡುತ್ತೇನೆ. ನೇಯುವವರ ಮನೆಯಲ್ಲಿ ಅಮಾಸಿಗೆ ಮಗ್ಗಕ್ಕೆ ಬಿಡುವು ಕೊಡುವುದು ವಾಡಿಕೆ. ಒಂದು ಅಮಾಸಿಗೆ ಅಕ್ಕ ಕೆರೂರಿಗೆ ಗೆಳತಿಯ ಮದುವೆಗೆಂದು ಹೋಗಿದ್ದಳು. ಅವರಿಬ್ಬರೂ ಆಡಲೆಂದು ಕಂಪ್ಯೂಟರನ್ನು ಹಚ್ಚಿಯೇ ಇಟ್ಟಿದ್ದಳು. ಹಗಲೂ ರಾತ್ರಿ ದುಡಿಯುವ ಯಂತ್ರ, ಇವತ್ತೊಂದು ದಿನ ಇದಕ್ಕೂ ದಣಿವಾರಲಿ ಎಂದು ನಾನು ಎಲ್ಲ ಬಟನ್ನುಗಳನ್ನು ಆರಿಸಿ, ಒರೆಸಿ, ವಿಭೂತಿ ಹಚ್ಚಿದೆ. ಅವಳು ಬರುವ ಮುಂಚೆ ಮತ್ತೆ ಹಚ್ಚಿಟ್ಟೆ. ಆದರೆ ಅವರು ಅಂದು ಕಟ್ಟಿದ ಬಾವಿ ಅಳಿಸಿಹೋಗಿತ್ತು. ಎಲ್ಲಿ ತಪ್ಪಿತು ಎಂದು ಅಕ್ಕ ಎರಡು ದಿನ ಹುಡುಕಿದಳು. ನಾನು ಹತ್ತಿರವೇ ಕೂತು ಅಕ್ಕಿ ಆರಿಸುತ್ತಿದ್ದೆ, ಬಾಯಿ ತೆರೆಯಲಿಲ್ಲ.

ಆಮೇಲೆ ಓಣಿಯ ರಸ್ತೆ ಅಗೆದಾಗ ಹಳೆಯ ನೆಟ್ಟಿನ ವಾಯರು ಕಡಿದುಹೋಯಿತು. ದೊಡ್ಡ ಮಗ ಬಾಗಲಕೋಟೆಯಿಂದಲೇ ಫೋನು ಮಾಡಿ, ತನ್ನ ಹೆಸರಿನ ಮೇಲೆ ಬೇರೆ ಕಂಪನಿಯ ಲೈನು ಹಾಕಿಸಿಕೊಟ್ಟ. ಹೊಸ ಲೈನು ಬಹಳ ವೇಗದ್ದು. ಪುರಾಣ, ಅಡುಗೆ, ಸುದ್ದಿ ಎಲ್ಲವೂ ತಡೆಯಿಲ್ಲದೆ ಬರುತ್ತಿದ್ದವು. ಅವರಿಬ್ಬರು ಮಾತ್ರ ಬರಲಿಲ್ಲ. ಬೇಸಿಗೆ ರಜೆ ಆಗಷ್ಟೇ ಶುರುವಾಗಿತ್ತು.

ಅಕ್ಕ ಪಟ್ಟ ಪಾಡು ನಾನು ನೋಡಿದ್ದೇನೆ. ನೆಟ್ಟಿನ ಡಬ್ಬಿಯನ್ನು ಆರಿಸಿ ಹಚ್ಚಿದಳು. ಕಲ್ಲಿನ ಗೋಡೆಯ ಮಾಡದಲ್ಲಿದ್ದ ಅದನ್ನು ತೆಗೆದು ಕಂಪ್ಯೂಟರಿನ ಪಕ್ಕದಲ್ಲಿಟ್ಟು ವಾಯರಿನಿಂದಲೇ ಜೋಡಿಸಿದಳು. ಕಂಪ್ಯೂಟರಿಗೆ ತನ್ನದೇ ಒಂದು ಕಾವಲು ಇರುತ್ತದಂತೆ, ಈ ಆಟವನ್ನು ತಡೆಯಬೇಡ ಎಂದು ಅದಕ್ಕೆ ತಿಳಿಸಿದಳು. ಡಬ್ಬಿಯಲ್ಲಿ ಸಾವಿರಾರು ಬಾಗಿಲುಗಳಿರುತ್ತವಂತೆ, ಒಂದೊಂದಕ್ಕೆ ಒಂದೊಂದು ನಂಬರು. ಆಟದ ಬಾಗಿಲನ್ನು ತೆರೆದಳು. ಅವಳು ಓದಿ ಹೇಳಿದ ನಂಬರುಗಳನ್ನು ನಾನು ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಂಡೆ. ನನ್ನಿಂದಾದ ಸಹಾಯ ಅಷ್ಟೇ. ಪ್ರತಿ ಸಲವೂ ಹುನಗುಂದದಿಂದ ಹುಡುಗಿ ಅಕ್ಕನಿಗೆ ಫೋನು ಮಾಡಿ ಅದನ್ನೇ ಹೇಳುತ್ತಿದ್ದಳು, "ತಿರಗತೈತಿ, ತಿರಗತೈತಿ, ಆಮ್ಯಾಲೆ ಬರಂಗಿಲ್ಲ ಅಂತೈತಿ."

ಮಗ್ಗದ ಮೇಲೆ ನನಗೆ ಬರುತ್ತಿದ್ದ ಕೆಲಸ ಕೊಂಡಿ ಹಾಕುವುದು. ಸೀರೆಯ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಎಳೆ ಎಲ್ಲಿ ಹರಿದಿದೆ ಎಂದು ಕಣ್ಣು ಮುಚ್ಚಿ ಬೆರಳಾಡಿಸಿದರೂ ನನಗೆ ಸಿಗುತ್ತಿತ್ತು. ಈ ಡಬ್ಬಿಯ ಮೇಲೆ ಬೆರಳಾಡಿಸಿದರೆ ಬರೀ ಬಿಸಿ ಹತ್ತುತ್ತಿತ್ತು. ಹಸಿರು ದೀಪಗಳು ಎಲ್ಲ ಸರಿಯಿದೆ ಎಂಬಂತೆ ಮಿಣುಕುತ್ತಿದ್ದವು. ಒಂದು ದಿನ ಅಕ್ಕ ಡಬ್ಬಿಯೊಳಗಿನ ನಂಬರನ್ನೂ, ಹೊರಗಿನ ಜಗತ್ತಿಗೆ ನಮ್ಮ ಮನೆಯದೆಂದು ಕಾಣುವ ನಂಬರನ್ನೂ ಹೋಲಿಸಿ ನೋಡಿದಳು. ಎರಡೂ ಬೇರೆಯಾಗಿದ್ದವು. ಅವಳ ಮುಖ ಸಣ್ಣದಾಯಿತು.

"ಇದು ನನ್ನ ಕೈಯಾಗಿಲ್ಲ ಆಯಿ. ನೆಟ್ಟಿನವ್ರನ್ನ ಕರೀಬೇಕು."

ನೆಟ್ಟಿನವನು ಮೂರನೆಯ ದಿನ ಬಂದ. ಸೌಮ್ಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದು ನೆಲದ ಮೇಲೆಯೇ ಕೂತ.

"ನೋಡ್ರಿ ಯವ್ವಾ," ಎಂದ, "ಒಂದು ವಾಡೇದಾಗ ಐವತ್ತು ಮನಿ ಅದಾವು ಅಂತ ತಿಳ್ಕೋರಿ. ಹೊರಗ ಒಂದ ಪತ್ತಾ. ನೀವು ಒಳಗಿಂದ ಯಾರಿಗರೆ ಕಾಗದ ಬರದ್ರ ಅದು ಹೋಗತೈತಿ, ಅದರ ಜವಾಬೂ ನಿಮಗ ಬರತೈತಿ. ಆದ್ರ ಹೊರಗಿನವ್ರು ತಾವಾಗಿ ಬಂದ್ರ ಅಗಸೀ ಬಾಗಲದ ಮುಂದ ನಿಂದರಬೇಕು. ಯಾರ ಮನೀಗೆ ಬಂದಾರ ಅಂತ ಹೇಳಾವ್ರ ಇಲ್ಲ."

"ಹಂಗಾದ್ರ ಹುಡುಗ್ರು ಅಗಸೀ ಮುಂದ ನಿಂತಾರೇನು?" ಎಂದು ಕೇಳಿದೆ. ನಾನು ಅಪರಿಚಿತರಿಗೆ ಪ್ರಶ್ನೆ ಕೇಳುವವಳಲ್ಲ. ಆದರೆ ಅದು ತಾನಾಗಿಯೇ ಬಾಯಿಂದ ಬಂತು.

ಅವನು ನಕ್ಕ. "ನಿಂತಾರ ಅಂತ ತಿಳ್ಕೋರಿ. ನಿಮ್ಮ ಮನೀಗಷ್ಟ ಬ್ಯಾರೆ ಪತ್ತಾ ಹಾಕಿ ಕೊಡ್ತೇವಿ, ಬರ್ತಾರ. ಈ ಕಾಗದದ ಮ್ಯಾಲ ಒಂದು ಸಹಿ ಆಗಬೇಕು. ಲೈನ್ ಯಾರ ಹೆಸರಲೇ ಐತಿ?"

"ನನ್ನ ದೊಡ್ಡ ಮಗಂದು."

"ಹಂಗಾರ ಅವರದ ಸಹಿ ಬೇಕ್ರಿ. ಅವರ ಫೋನಿಗೆ ಒಂದು ನಂಬರ್ ಬರತೈತಿ, ಅದನ್ನೂ ಹೇಳಬೇಕು. ನೀವು ಮಾಡಿದ್ರ ನಡ್ಯಂಗಿಲ್ಲ."

ಬೇರೆಲ್ಲಾದರೂ ಆಟದ ಜಾಗ ಬಾಡಿಗೆಗೆ ಸಿಗುತ್ತಿತ್ತು, ಅದಕ್ಕೂ ದೊಡ್ಡವರ ಬ್ಯಾಂಕಿನ ಕಾರ್ಡೇ ಬೇಕಾಗಿತ್ತು. ಅಕ್ಕ ಕಾಗದವನ್ನು ನನ್ನ ಕೈಗಿತ್ತಳು.

"ನೀನ ಹೋಗು ಆಯಿ. ನಾ ಕೇಳಿದ್ರ ಮಾಮಾ ನೂರು ಪ್ರಶ್ನಿ ಹಾಕ್ತಾನ. ನೀ ಅವನ್ನ ಹಡದಾಕಿ, ನಿನಗ ಇಲ್ಲ ಅನ್ನಂಗಿಲ್ಲ."

ಹೋದೆ. ಇಳಕಲ್ಲಿನಿಂದ ಬಸ್ಸು ಹುನಗುಂದದ ಮೇಲೆಯೇ ಹೋಗುತ್ತದೆ. ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತಾಗ, ಅಕ್ಕ ಮೊದಲೇ ತಿಳಿಸಿದ್ದರಿಂದ, ಹುಡುಗಿ ಕಿಟಕಿಯ ಹತ್ತಿರ ಓಡಿಬಂದು, "ಕಾಗದ ತಂದಿಯಿಲ್ಲೋ ಆಯಿ?" ಎಂದು ಕೇಳಿ, ಒಂದು ಪೇರಲಹಣ್ಣು ಕೊಟ್ಟು ಹೋದಳು. ದಾರಿಯುದ್ದಕ್ಕೂ ನಾನು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿದೆ. 'ತಮ್ಮಾ, ಹುಡುಗರು ಆಡತಾವ, ಇದಕ್ಕೊಂದು ಸಹಿ ಮಾಡು.' ಅಷ್ಟೇ. ಅವನು 'ಯಾವ ಹುಡುಗರು' ಎಂದು ಕೇಳಿದರೆ ಏನು ಹೇಳುವುದು? ಸುಳ್ಳು ಹೇಳಿದರೆ ನಾಳೆ ತಿಳಿಯುತ್ತದೆ. ಖರೆ ಹೇಳಿದರೆ ಹುಡುಗನ ಫೋನು ಕಸಿದುಕೊಂಡಾನು, ಇರುವ ಎಳೆಯೂ ಹೋದೀತು. ಬಾಗಲಕೋಟೆ ಬರುವವರೆಗೂ ಆ ಒಂದು ಪ್ರಶ್ನೆಗೆ ನನಗೆ ಉತ್ತರ ಸಿಗಲಿಲ್ಲ.

ಮಗ ಊಟಕ್ಕೆಂದು ಅಂಗಡಿಯಿಂದ ಬಂದಿದ್ದ.

"ಯವ್ವಾ! ಹೇಳಲಾರದ ಬಂದಿಯಲ್ಲ. ಆರಾಮ ಅದಿಯಿಲ್ಲೋ?"

"ಅದೇನಿ."

"ಒಬ್ಬಾಕೀನ ಬಸ್ಸಿನ್ಯಾಗ ಯಾಕ ಬಂದಿ? ನನಗ ಫೋನ್ ಮಾಡಿದ್ರ ನಾನ ಬರ್ತಿದ್ನಿಲ್ಲ?"

ನನ್ನ ತಾಟಿಗೆ ಅವನೇ ರೊಟ್ಟಿ ಹಾಕಿದ, ಅವನೇ ಬೆಣ್ಣೆ ಹಚ್ಚಿದ. ಕಾಗದ ನನ್ನ ಚೀಲದಲ್ಲಿ, ಮೊಣಕಾಲಿಗೆ ತಾಗಿಕೊಂಡೇ ಇತ್ತು. ಊಟ ಮುಗಿಯುವ ಹೊತ್ತಿಗೆ ಅವನಾಗಿಯೇ ಕೇಳಿದ.

"ಹೊಸಾ ನೆಟ್ ಹೆಂಗ ಐತಿ? ಏನರೆ ತ್ರಾಸ ಐತೇನು?"

ದೇವರೇ ಬಾಗಿಲು ತೆರೆದು ಕೊಟ್ಟಂತೆ ಇತ್ತು. ನಾನು ಅವನ ಮುಖ ನೋಡಿದೆ. ಚೀಲದ ಬಾಯಿಗೆ ಕೈ ಹಾಕಿದೆ.

"ಛಲೋ ಐತಿ," ಎಂದೆ.

"ಅಷ್ಟ ಬೇಕು," ಎಂದು ಅವನು ಕೈ ತೊಳೆಯಲು ಎದ್ದ.

ಅವನು ಅಂಗಡಿಗೆ ಹೋದ ಮೇಲೆ ಮೊಮ್ಮಗ ಟ್ಯೂಷನ್ನಿನಿಂದ ಬಂದ. ಅಕ್ಕ ಅವನಿಗೆ ಎಲ್ಲ ಹೇಳಿದ್ದಳು. ಅಡುಗೆಮನೆಯಲ್ಲಿದ್ದ ತಾಯಿಗೆ ಕೇಳದಂತೆ ನನ್ನ ಕಿವಿಯ ಹತ್ತಿರ ಬಂದ.

"ಆಯಿ, ಸಹಿ ಆತೇನು?"

ಕೇಳಲಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಅಷ್ಟು ದೂರ ಬಂದವಳು, ಹಡೆದ ಮಗನ ಎದುರು ಕೂತು ಬೆಣ್ಣೆ ರೊಟ್ಟಿ ತಿಂದು ಸುಮ್ಮನೆ ಎದ್ದೆ ಎಂದು ಹೇಗೆ ಹೇಳಲಿ?

"ನಿಮ್ಮಪ್ಪ ಒಲ್ಲೆ ಅಂದ," ಎಂದೆ.

ಅವನು ಬೂಟು ಕೂಡ ಬಿಚ್ಚದೆ ಒಳಗೆ ಹೋಗಿ ಮಲಗಿಬಿಟ್ಟ. ಆ ರಜೆಯುದ್ದಕ್ಕೂ ಅವನು ಅಪ್ಪನ ಜೊತೆ ಊಟಕ್ಕೆ ಕೂಡಲಿಲ್ಲ ಎಂದು ಸೊಸೆ ಫೋನಿನಲ್ಲಿ ಹೇಳಿದಳು. "ಏನಾಗೇತೋ ಗೊತ್ತಿಲ್ರಿ ಅತ್ತಿ, ಕೇಳಿದ್ರ ಮಾತಾಡಂಗಿಲ್ಲ." ಮಾತು ಬಿಟ್ಟವರ ಮನೆಯಲ್ಲಿ ಮಾತು ಬಿಡುವವನು ಇನ್ನೊಬ್ಬ ಹೆಚ್ಚಿದ. ಅವನನ್ನು ಹೆಚ್ಚಿಸಿದವಳು ನಾನು. ಹುನಗುಂದದ ಹುಡುಗಿ ಹದಿನೈದು ದಿನ ಅಕ್ಕನಿಗೆ ಫೋನು ಮಾಡಿ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ನೀವು ನಂಬಿದ್ದು ಇದನ್ನೇ, ನನ್ನ ದೊಡ್ಡ ಮಗ ಸಹಿ ಮಾಡಲಿಲ್ಲ ಎಂದು. ಅವನ ಮುಂದೆ ಆ ಕಾಗದ ಬಂದೇ ಇರಲಿಲ್ಲ. ತ್ರಾಸ ಐತೇನು ಎಂದು ಅವನೇ ಕೇಳಿದ್ದ. ನಾನು ಹೌದು ಎಂದಿದ್ದರೆ ಅವನು ಯಾವ ಹುಡುಗರು ಎಂದು ಕೇಳುತ್ತಿದ್ದನೋ, ಕೇಳಿ ಸಿಟ್ಟಾಗುತ್ತಿದ್ದನೋ, ಕೇಳದೆಯೇ ಪೆನ್ನು ತೆಗೆಯುತ್ತಿದ್ದನೋ, ನನಗೆ ಇವತ್ತಿಗೂ ಗೊತ್ತಿಲ್ಲ.