ನಾನು ಎತ್ತಿಕೊಳ್ಳದ ಸಾಲುಗಳು

ವಿಚಿತ್ರ ಅನುಭವಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಮುಳಬಾಗಿಲಿನಲ್ಲಿ ನಾನು ಬಹಳ ವರ್ಷ ಮೈಕ್‌ಸೆಟ್ ಅಂಗಡಿ ನಡೆಸಿದವನು. ಹಾರ್ನಿನಲ್ಲಿ ಗೊಯ್ಯೆಂದು ಸದ್ದು ಬಂದರೆ ಅರ್ಥಿಂಗ್ ಸರಿಯಿಲ್ಲ. ಯಾರೋ ಪಿಸುಗುಟ್ಟಿದಂತೆ ಕೇಳಿದರೆ ಯಾವುದೋ ರೇಡಿಯೊ ನಮ್ಮ ತಂತಿಗೆ ಹತ್ತಿಕೊಂಡಿದೆ, ಅಷ್ಟೇ. ಎಲ್ಲ ಸದ್ದಿಗೂ ಕಾರಣವಿರುತ್ತದೆ, ಹುಡುಕುವ ತಾಳ್ಮೆ ಬೇಕು ಎಂದು ಎದುರಿನವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹುಡುಕಿ ಸೋತಿದ್ದೇನೆ. ನನ್ನ ಓದು ಹೈಸ್ಕೂಲಿನವರೆಗೆ, ನಡೆದದ್ದನ್ನು ನಡೆದಂತೆ ಬರೆಯುವುದಷ್ಟೇ ಗೊತ್ತು. ನನ್ನ ತಪ್ಪನ್ನು ಬಿಟ್ಟು ಹೇಳಿದರೆ ಇದು ಯಾರಿಗೂ ಅರ್ಥವಾಗುವುದಿಲ್ಲ. ಅದನ್ನೂ ಹೇಳುತ್ತೇನೆ.

ನಮ್ಮದೊಂದು ಭಜನೆಯ ತಂಡವಿತ್ತು. ಏಕಾದಶಿಗೆ, ಇಲ್ಲವೇ ಯಾರಾದರೂ ತೀರಿಕೊಂಡ ಮನೆಗೆ ಹೋಗಿ ತತ್ವಪದ ಹೇಳುತ್ತಿದ್ದೆವು, ಅರ್ಧ ಕನ್ನಡ, ಅರ್ಧ ತೆಲುಗು. ನಮ್ಮ ಕಡೆ ಪದವನ್ನು ಒಬ್ಬನೇ ಹಾಡುವ ಪದ್ಧತಿಯಿಲ್ಲ. ಒಬ್ಬನು ಒಂದು ಸಾಲು ಹೇಳಿದರೆ ಎದುರಿಗೆ ಕೂತವನು ಅದನ್ನೇ ಎತ್ತಿಕೊಂಡು ತಿರುಗಿ ಹೇಳಬೇಕು. ಉಳಿದವರು ಅವನ ಹಿಂದೆ ಸೇರಿಕೊಳ್ಳುತ್ತಾರೆ. ಅಷ್ಟು ಹೊತ್ತಿನಲ್ಲಿ ಮೊದಲಿನವನು ಉಸಿರೆಳೆದುಕೊಂಡು ಮುಂದಿನ ಸಾಲಿಗೆ ಸಿದ್ಧನಾಗುತ್ತಾನೆ. ಎತ್ತಿಕೊಳ್ಳುವವನು ಕೈಬಿಟ್ಟರೆ ಎಂಥ ಹಾಡುಗಾರನೂ ನಾಲ್ಕು ಸಾಲಿಗೆ ನಿಂತುಬಿಡುತ್ತಾನೆ.

ನಾನು ಹೇಳುವಾಗ ಖಾದರ್ ಎತ್ತಿಕೊಳ್ಳುತ್ತಿದ್ದ, ಖಾದರ್ ಹೇಳುವಾಗ ನಾನು. ಅವನು ಶ್ರೀನಿವಾಸಪುರದವನು, ಮಾವಿನಹಣ್ಣು ತುಂಬುವ ಮರದ ಪೆಟ್ಟಿಗೆಗಳನ್ನು ಮಾಡುತ್ತಿದ್ದ. ಮಂಡಿಗೆ ಬರುವ ರೈತರ ಬಾಯಿಂದ ಕೇಳಿ ಕೇಳಿ ಪದಗಳನ್ನು ಕಲಿತವನು. ನಾನು ಕಲಿತದ್ದು ನಮ್ಮ ತಂದೆಯ ಹತ್ತಿರ, ಕ್ರಮವಾಗಿ. ಆದರೂ ಅವನು ಬಾಯಿ ತೆರೆದರೆ ಬೀಡಿ ಸೇದಲು ಎದ್ದವರು ಮತ್ತೆ ಕೂರುತ್ತಿದ್ದರು. ನಾನು ಹಾಡುವಾಗ ಏಳುತ್ತಿದ್ದವರು ಅವರೇ.

ಬಹಳ ವರ್ಷಗಳ ಹಿಂದೆ ಒಂದು ಸಲ, ಕುರುಡುಮಲೆಯ ಆಚೆ ಒಂದು ಹಳ್ಳಿಯಲ್ಲಿ ಭಜನೆ. ಆಗಷ್ಟೇ ನಾನು ಬೆರಳುದ್ದದ ರೆಕಾರ್ಡರ್ ಕೊಂಡಿದ್ದೆ, ಮೈಕಿನ ಪಕ್ಕದಲ್ಲಿಟ್ಟು ಎಲ್ಲವನ್ನೂ ಹಿಡಿಯುತ್ತಿದ್ದೆ. ನನ್ನ ಪದಗಳೇ ಒಂದರ ಹಿಂದೆ ಒಂದು ನಡೆದಿದ್ದವು. ಹಿಂದಿನಿಂದ ಯಾರೋ ಕೂಗಿದರು: “ಲೇ ಖಾದರೂ, ನೀನೊಂದು ಹೇಳ್ಲಾ! ಈ ಅಯ್ಯನ ಪದ ಕೇಳಿ ನಮ್ಮ ಎಮ್ಮೇನೂ ಮಲ್ಕೊಂತು!”

ಜನ ನಕ್ಕರು. ಖಾದರನಿಗೂ ನಗು ತಡೆಯಲಾಗಲಿಲ್ಲ. “ಸುಮ್ಕಿರಪ್ಪ, ಅಣ್ಣ ಹೇಳಿದ್ಮೇಲೆ ನಂದೇನೈತೆ” ಎಂದ. ಆಮೇಲೆ ಒಂದು ತೆಲುಗು ಪದ ಶುರುಮಾಡಿದ. ನಾನು ತಾಳಗಳನ್ನು ಕೆಳಗಿಟ್ಟು, ಮೈಕಿನ ಬ್ಯಾಟರಿ ನೋಡಿ ಬರುತ್ತೇನೆಂದು ಎದ್ದು ಹೊರಗೆ ನಿಂತಿದ್ದ ಜೀಪಿನ ಹತ್ತಿರ ಹೋದೆ. ಬ್ಯಾಟರಿ ಚೆನ್ನಾಗಿಯೇ ಇತ್ತು. ಒಳಗೆ ಉಳಿದವರು ಸಾಲು ಹಿಡಿಯಲಾರದೆ ತಡವರಿಸುತ್ತಿದ್ದುದು ಹಾರ್ನಿನಲ್ಲಿ ಕೇಳಿಸುತ್ತಿತ್ತು. ಖಾದರನ ದನಿ ಒಬ್ಬಂಟಿಯಾಗಿ ಸ್ವಲ್ಪ ದೂರ ನಡೆದು ನಡುವೆಯೇ ನಿಂತಿತು. “ಗಂಟ್ಲು ಕಟ್ಕೊಂತು, ಮಾಫ್ ಮಾಡ್ರಪ್ಪ” ಎಂದು ಮೈಕಿನಲ್ಲೇ ಹೇಳಿ ನಕ್ಕ. ತಪ್ಪನ್ನು ತನ್ನ ಮೇಲೆ ಹಾಕಿಕೊಂಡ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಆ ಅರ್ಧ ಪದವನ್ನು ಗುರುತು ಮಾಡಿ ಕತ್ತರಿಸಿ ಹಾಕಿದೆ. ರೆಕಾರ್ಡರಿನಲ್ಲಿದ್ದ ಮೂಲವನ್ನೂ ಅಳಿಸಿದೆ. ಮಿಕ್ಕಿದ್ದನ್ನು ಸೀಡಿ ಮಾಡಿ ತಂಡದವರಿಗೆಲ್ಲ ಹಂಚಿದೆ. “ನಿನ್ನ ಪದದ ಹೊತ್ತಿಗೆ ರೆಕಾರ್ಡರ್ ಸೆಲ್ಲು ಮುಗ್ದೋಯ್ತು ಕಣೋ” ಎಂದಾಗ ಖಾದರ್, “ಹೋಗ್ಲಿ ಬಿಡಣ್ಣ, ಅದು ಪೂರ್ತಿನೇ ಆಗ್ಲಿಲ್ವಲ್ಲ” ಎಂದ. ಕ್ರಮೇಣ ಪೆಟ್ಟಿಗೆ ಕೆಲಸ ಜಾಸ್ತಿಯೆಂದು ಹೇಳಿ ಭಜನೆಗೆ ಬರುವುದನ್ನು ನಿಲ್ಲಿಸಿದ. ನಮ್ಮಿಬ್ಬರ ನಡುವೆ ಜಗಳವಾಗಲಿಲ್ಲ. ಮಾತೂ ಇರಲಿಲ್ಲ.

ಈಚೆಗೆ ಅವನ ಹೆಂಡತಿ ನೂರ್ಜಾನ್ ಫೋನ್ ಮಾಡಿದಳು.

“ಅಣ್ಣಾ, ಇವ್ರಿಗೆ ಗಂಟ್ಲು ಆಪರೇಷನ್ ಆಯ್ತು. ದನಿ ಬರೋ ಜಾಗನೇ ತೆಗ್ದ್‌ಬಿಟ್ರು. ಇನ್ನು ಮಾತಿಲ್ಲ. ನೀವು ಕೊಟ್ಟಿದ್ ಸೀಡಿ ಹಿಡ್ಕೊಂಡು ಕೂತವ್ರೆ. ನಮ್ಮನೇಲಿರೋ ಸ್ಪೀಕರ್ ಡಬ್ಬದಾಗೆ ಅದನ್ನ ಹಾಕಕ್ಕೆ ಜಾಗನೇ ಇಲ್ಲ. ಪೆನ್‌ಡ್ರೈವ್‌ಗೆ ಹಾಕ್ಕೊಡ್ತೀರಾ?”

“ಅದ್ರಾಗೆ ಅವನು ಹೇಳಿದ್ ಪದ ಒಂದೂ ಇಲ್ಲಮ್ಮ” ಎಂದೆ.

“ನಿಮ್ ಹಿಂದೆ ಎತ್ತ್ಕೊಂಡಿರೋದು ಐತಲ್ಲಣ್ಣ, ಅಷ್ಟಾದ್ರೆ ಸಾಕಂತೆ.”

ಆ ಕಾಲದ ರೆಕಾರ್ಡರ್ ಹಾಡುಗಳನ್ನು ಡಬ್ಲ್ಯುಎಂಎ ಎನ್ನುವ ಬಗೆಯಲ್ಲಿ ಕೂಡಿಡುತ್ತಿತ್ತು. ಈಗಿನ ಸ್ಪೀಕರ್ ಡಬ್ಬಗಳಲ್ಲಿ ಬಹಳಷ್ಟಕ್ಕೆ ಅದು ತಿಳಿಯುವುದಿಲ್ಲ, ಅವಕ್ಕೆ ಎಂಪಿ3 ಬೇಕು. ಬದಲಾಯಿಸುವುದು ಕಷ್ಟವಲ್ಲ. ಫೈಲುಗಳನ್ನು ಆರಿಸಿ ಒತ್ತಿದರೆ ಒಂದು ಹಸಿರು ಪಟ್ಟಿ ತುಂಬಿಕೊಳ್ಳುತ್ತದೆ, ಮುಗಿಯಿತು. ಮಧ್ಯಾಹ್ನ ಊಟವಾದ ಮೇಲೆ ಆ ಕೆಲಸ ಮಾಡಿ, ಪೆನ್‌ಡ್ರೈವನ್ನು ನಮ್ಮ ಮನೆಯ ಸ್ಪೀಕರಿಗೆ ಹಾಕಿ ಪರೀಕ್ಷಿಸುತ್ತ ಕೂತೆ. ಹೆಂಡತಿ ಬಾಗಿಲ ಬಳಿ ಕೂತು ಅವರೆಕಾಳು ಹಿದುಕುತ್ತಿದ್ದಳು.

ನನ್ನ ಕೊನೆಯ ಪದ ಮುಗಿಯಿತು. ಅಲ್ಲಿಗೆ ಫೈಲು ನಿಲ್ಲಬೇಕು. ನಿಲ್ಲಲಿಲ್ಲ. ಖಾದರ್ ಆ ತೆಲುಗು ಪದವನ್ನು ಶುರುಮಾಡಿದ. ಅವನ ಸಾಲು ಮುಗಿಯುತ್ತಲೇ ನನ್ನ ದನಿ ಅದನ್ನು ಎತ್ತಿಕೊಂಡಿತು. ಸಾಲಿಗೆ ಸಾಲು, ಎಲ್ಲೂ ತಪ್ಪದೆ, ಪದ ಕೊನೆಯವರೆಗೂ ನಡೆಯಿತು.

“ಯಾವತ್ತಿಂದ್ರೀ ಇದು?” ಎಂದಳು ಹೆಂಡತಿ. “ಖಾದರಣ್ಣ ಸರಿ. ನೀವೂ ಚೆನ್ನಾಗಿ ಎತ್ತ್ಕೊಂಡಿದ್ದೀರಲ್ಲ, ಆಶ್ಚರ್ಯ!”

ಹಾಗಾಗಿ ಅದು ನನ್ನ ಕಿವಿಯ ಭ್ರಮೆಯಲ್ಲ. ಕಂಪ್ಯೂಟರಿನಲ್ಲಿದ್ದ ಹಳೆಯ ಫೈಲನ್ನು ಹಾಕಿದೆ, ಅದು ನನ್ನ ಪದಕ್ಕೇ ನಿಂತಿತು. ಅದನ್ನೇ ಮತ್ತೊಮ್ಮೆ ಬದಲಾಯಿಸಿದೆ, ಹೊಸದೂ ಅಲ್ಲಿಗೇ ನಿಂತಿತು. ಮೊದಲ ಸಲ ಮಾಡಿದ ಆ ಒಂದರಲ್ಲಿ ಮಾತ್ರ ಪದವಿದೆ. ಕೋಲಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪರಿಚಯದವರೊಬ್ಬರನ್ನು ಕೇಳಿದೆ. “ಕಟ್ ಮಾಡಿದ್ದು ಕೆಲವು ಸಲ ಫೈಲಿನೊಳಗೇ ಉಳ್ಕೊಂಡಿರುತ್ತೆ, ಬದಲಾಯಿಸುವಾಗ ಈಚೆ ಬಂದಿರಬಹುದು” ಎಂದರು. ಒಪ್ಪಿಕೊಂಡೆ. ಆದರೆ ಉಳಿದುಕೊಂಡಿದ್ದರೆ ಅರ್ಧ ಪದ ಉಳಿದಿರಬೇಕು, ಪೂರ್ತಿ ಬರುವುದು ಎಲ್ಲಿಂದ? ಜೀಪಿನ ಹತ್ತಿರ ತುಟಿ ಬಿಗಿದು ನಿಂತಿದ್ದ ನಾನು ಒಳಗೆ ಹಾಡಿದ್ದು ಹೇಗೆ? ಇದನ್ನು ಅವರಿಗೆ ಹೇಳಲು ನಾಚಿಕೆಯಾಯಿತು.

ಓದುವವರೆದುರು ಮುಚ್ಚಿಟ್ಟು ಏನು ಮಾಡಲಿ? ಮೊದಲು ನನಗೆ ಸಂತೋಷವೇ ಆಯಿತು. ಸುಮ್ಮನೆ ಕೊಟ್ಟುಬಿಟ್ಟರೆ ನನ್ನ ತಪ್ಪೇ ಅಳಿಸಿಹೋಗುತ್ತದೆ. ಪದವೂ ಇದೆ, ಎತ್ತಿಕೊಂಡವನು ನಾನೂ ಇದ್ದೇನೆ. ಅವನಿಗೆ ವಯಸ್ಸಾಗಿದೆ, ನೆನಪಿರಲಾರದು ಎಂದುಕೊಳ್ಳುತ್ತಲೇ ಶ್ರೀನಿವಾಸಪುರದ ಬಸ್ಸು ಹತ್ತಿದೆ.

ಖಾದರ್ ಸೊರಗಿಹೋಗಿದ್ದ. ಕುತ್ತಿಗೆಗೆ ಬಿಳಿ ಬಟ್ಟೆ. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ. ನೂರ್ಜಾನ್ ಡಬ್ಬಕ್ಕೆ ಪೆನ್‌ಡ್ರೈವ್ ಸಿಕ್ಕಿಸಿದಳು. ನನ್ನ ಪದಗಳಿಗೆ ಅವನು ತೊಡೆಯ ಮೇಲೆ ತಾಳ ಹಾಕಿದ. ಆಮೇಲೆ ಅವನದೇ ಪದ ಬಂತು. ತಾಳ ನಿಂತಿತು. ಕೊನೆಯವರೆಗೂ ಅಲುಗಾಡದೆ ಕೇಳಿದ. ಮುಗಿದ ಮೇಲೆ ಡಬ್ಬದತ್ತ ಬೆರಳು ತೋರಿಸಿದ, ನನ್ನತ್ತ ತೋರಿಸಿದ, ಆಮೇಲೆ ಬಾಗಿಲತ್ತ. ನೀನು ಎದ್ದು ಹೊರಗೆ ಹೋಗಿದ್ದೆಯಲ್ಲ?

“ಹೌದು ಕಣೋ, ಹೋಗಿದ್ದೆ. ಬ್ಯಾಟರಿಗೆ ಏನೂ ಆಗಿರ್ಲಿಲ್ಲ. ಹೊಟ್ಟೆ ಉರೀತು, ಎದ್ದೋದೆ. ಸೆಲ್ಲೂ ಮುಗ್ದಿರ್ಲಿಲ್ಲ. ನಾನೇ ಕಟ್ ಮಾಡ್ದೆ” ಎಂದೆ. ಆ ಪದ ಫೈಲಿನೊಳಗೆ ಹೇಗೆ ಬಂತೋ ತಿಳಿಯದೆಂದೂ ಹೇಳಿದೆ.

ನೂರ್ಜಾನ್ ಸುಮ್ಮನಿರಲಿಲ್ಲ. “ಯಾ ಅಲ್ಲಾ! ನನ್ನಿಂದ್ಲೇ ಅಣ್ಣನ ಭಜನೆ ಕೆಟ್ಟೋಯ್ತು, ಪದ ಮಧ್ಯದಾಗೆ ನಿಲ್ಲಿಸ್‌ಬಿಟ್ಟೆ ಅಂತ ಎಷ್ಟ್ ವರ್ಷ ಕೊರಗವ್ರೆ ಗೊತ್ತಾ? ಅವತ್ತೇ ಒಂದ್ ಮಾತು ಹೇಳಿದ್ರೆ ನಿಮ್ ಬಾಯೇನು ಸವ್ದೋಗ್ತಿತ್ತಾ ಅಣ್ಣಾ?”

ಖಾದರ್ ಕೈಯೆತ್ತಿ ಅವಳನ್ನು ಸುಮ್ಮನಾಗಿಸಿದ. ಪದವನ್ನು ಮೊದಲಿನಿಂದ ಹಾಕಿ ದನಿಯ ಗುಂಡಿಯ ಮೇಲೆ ಬೆರಳಿಟ್ಟುಕೊಂಡ. ತನ್ನ ಸಾಲು ಬಂದಾಗ ಏರಿಸಿದ. ನನ್ನ ದನಿ ಎತ್ತಿಕೊಳ್ಳುವಲ್ಲಿ ಏನೂ ಕೇಳದಷ್ಟು ತಗ್ಗಿಸಿದ. ಮತ್ತೆ ಏರಿಸಿದ, ಮತ್ತೆ ತಗ್ಗಿಸಿದ. ಇಡೀ ಪದವನ್ನು ಹಾಗೆಯೇ ಕೇಳಿದ. ಅವನ ಪಕ್ಕದಲ್ಲಿ ಕೂತು ನಾನೂ ಕೇಳಿದೆ. ಹೊರಡುವಾಗ ಕೈ ಹಿಡಿಯಲಿಲ್ಲ, ತಲೆಯಾಡಿಸಿದ.

ಅವನು ಹಾಗೆ ಮಾಡಿದ್ದು ನ್ಯಾಯವೇ. ಆ ಸಾಲುಗಳನ್ನು ನಾನು ಹೇಳಿರಲಿಲ್ಲ. ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಇಂದಿಗೂ ತಿಳಿದಿಲ್ಲ. ದನಿ ಮಾತ್ರ ನನ್ನದು, ಅದರಲ್ಲಿ ಅನುಮಾನವಿಲ್ಲ.

ನೂರ್ಜಾನ್ ಆಗಾಗ ಫೋನ್ ಮಾಡುತ್ತಾಳೆ. ಖಾದರ್ ದಿನಾ ಬೆಳಿಗ್ಗೆ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಹಾಗೆಯೇ ಕೇಳುತ್ತಾನಂತೆ. ಮೊನ್ನೆ ಮಾತ್ರ ನನ್ನ ದನಿಯ ಒಂದು ಸಾಲಿಗೆ ತಗ್ಗಿಸಲಿಲ್ಲ ಎಂದಳು. ಮರೆತನೋ, ಬೇಕೆಂದೇ ಬಿಟ್ಟನೋ ಎಂದು ಕೇಳಿದೆ. “ನಂಗೇನ್ ಗೊತ್ತಣ್ಣ, ಅವ್ರು ಹೇಳ್ಬೇಕಲ್ಲ” ಎಂದಳು.